ದ್ಯಾಮಕ್ಕನಿಗೆ ಹಲ್ಲು ಬಂತು

ರೀಲಿನಲ್ಲಿ ಒಂದೇ ಒಂದು ಫೋಟೊ ಉಳಿದಿತ್ತು. ಜಂಬಣ್ಣನ ಗ್ರಹಚಾರ ಶುರುವಾದದ್ದೇ ಅಲ್ಲಿಂದ.

ಕೂಡ್ಲಿಗಿ ಬಸ್‌ಸ್ಟ್ಯಾಂಡಿನ ಎದುರು ಹದಿನೆಂಟು ವರ್ಷದಿಂದ ಸ್ಟುಡಿಯೊ ಇಟ್ಟವನು ಅವನು. "ಅಲ್ಲಾಡಬ್ಯಾಡ್ರಿ" ಎಂದು ಜೀವಂತ ಮನುಷ್ಯರನ್ನು ಗೂಟದಂತೆ ನಿಲ್ಲಿಸಿದ್ದೇ ಬಂತು. ಬಳ್ಳಾರಿಯಲ್ಲಿ ಫೋಟೊ ಪ್ರದರ್ಶನವಂತೆ, ಚಿತ್ರವನ್ನು ಟಪಾಲಿಗೆ ಹಾಕಲು ಇವತ್ತೇ ಕೊನೆ. ಬೆಳಿಗ್ಗೆ ಹೆಂಡತಿ ಸುಕನ್ಯಾ, "ಮಂದೀಗೆ ತೆಗೆದಿದ್ದು ಸಾಕ್ರಿ. ನಿಮ್ಮ ಜೀವಕ್ಕ ಅಂತ ಒಂದಾದ್ರೂ ತೆಗೀರಿ. ನಿಮ್ಮ ಕೈಯಾಗ ಐತಿ ಅದು" ಎಂದಿದ್ದಳು. ಇಷ್ಟು ವರ್ಷದಲ್ಲಿ ಯಾರೂ ಅವನಿಗೆ ಹೀಗೆ ಹೇಳಿರಲಿಲ್ಲ. ಕಣ್ಣು ತುಂಬಿ ಬಂತು. ಹೊಸ ರೀಲು ಬರುವುದು ನಾಳೆ, ಇರುವುದು ಇದೊಂದೇ.

ಕ್ಯಾಮೆರಾ ಹಿಡಿದು ಹೊರಬಿದ್ದನೋ ಇಲ್ಲವೋ, ಪಕ್ಕದ ಚಹಾದಂಗಡಿ ಪಾಲಯ್ಯ ತಲೆ ಬಾಚಿಕೊಂಡು ಹಾಜರಾದ.

"ಕಲಾ ಅಂದ್ರ ಮಾರಿ ಬೇಕಪಾ. ತೆಗಿ ನಂದು!" ಎಂದು, ಪೋಸಿಗೆಂದು ಇಟ್ಟಿದ್ದ ಸ್ಟುಡಿಯೊದ ಫೋನನ್ನು ಕಿವಿಗೆ ಹಿಡಿದು ನಿಂತ.

"ಒಂದೇ ಉಳದೈತಿ ಮಾರಾಯ!"

"ನನಗೂ ಒಂದೇ ಸಾಕು!"

ಎದುರಿಗೆ ಶೇಂಗಾ ಮಾರುತ್ತಿದ್ದ ಮುದುಕಿ ದ್ಯಾಮಕ್ಕ ಇದನ್ನು ನೋಡಿ, ಬೋಡುಬಾಯಿ ತೆರೆದು ಹೊಟ್ಟೆ ಹಿಡಿದು ನಕ್ಕಳು. ಜಂಬಣ್ಣನ ಬೆರಳು ತಾನಾಗಿಯೇ ಒತ್ತಿತು.

ಮಧ್ಯಾಹ್ನ ಕತ್ತಲ ಕೋಣೆಯಲ್ಲಿ ಕಾಗದದ ಮೇಲೆ ಆ ನಗು ಮೆಲ್ಲಗೆ ಮೂಡಿದಾಗ ಅವನಿಗೆ ಮಗು ಹುಟ್ಟಿದಷ್ಟು ಖುಷಿ. ಓಡಿಹೋಗಿ ದ್ಯಾಮಕ್ಕನಿಗೇ ಮೊದಲು ತೋರಿಸಿದ. ಮಾಡಿದ ತಪ್ಪೇ ಅದು.

"ಎಲಾ ಇವನ! ಬಳ್ಳಾರಿ ಮಂದಿ ಮುಂದ ನನ್ನ ಬೋಡುಬಾಯಿ ತೋರಸ್ತೀಯೇನಲೇ?" ಮುದುಕಿ ಫೋಟೊ ಪರಪರ ಹರಿದಳು. "ಹಲ್ಲು ಹಚ್ಚು! ಆ ರೀಲಿನಾಗೇ ಹಚ್ಚು. ಇನ್ನೊಂದು ಹಿಂಗ ಬರಬಾರದು."

"ಯವ್ವಾ, ಆ ನಗೂನೇ ಚಂದ ಐತಬೇ..."

"ಮಾರಿ ಯಾರದು? ನಿಂದೋ ನಂದೋ?"

ಹೇಳಿದವಳೇ ಸ್ಟುಡಿಯೊದ ಹೊಸ್ತಿಲಲ್ಲಿ ಕೂತುಬಿಟ್ಟಳು. ಮಂದಿ ಕೂಡಿದರು. ತನ್ನ ಫೋಟೊ ತೆಗೆಯದ ಸಿಟ್ಟಿಗೆ ಪಾಲಯ್ಯ, "ಮುದುಕಿ ಮಾನ ಕಳೀಬ್ಯಾಡೋ ಜಂಬಣ್ಣಾ!" ಎಂದು ಕೂಗಿದ. ಜಂಬಣ್ಣ ಒಳಗೆ ನಡೆದ. ಮಾರಿ ಅವಳದೇ ಹೌದಲ್ಲ! ಸಂಕಟ ನುಂಗಿಕೊಂಡು, ನೆಗೆಟಿವ್ ಮೇಲೆ ಸಣ್ಣ ಕುಂಚದಿಂದ ಒಂದೊಂದೇ ಹಲ್ಲು ಬರೆದ. ಅಷ್ಟರಲ್ಲಿ ಟಪಾಲಿನ ಹೊತ್ತೂ ಮೀರಿತು.

ಹೊಸ ಫೋಟೊ ಕೈಗೆ ಬಂದದ್ದೇ ದ್ಯಾಮಕ್ಕ ಕಣ್ಣರಳಿಸಿದಳು. "ಯಪ್ಪಾ! ನನ್ನ ಮದುವ್ಯಾಗ ಹಿಂಗ ಇದ್ನೆಲ್ಲೋ!" ಎಂದವಳು ನಕ್ಕಳು ನೋಡಿ, ಬೆಳಗಿನ ನಗು ಅದರ ಮುಂದೆ ಏನೇನೂ ಅಲ್ಲ. ಬಾಯಲ್ಲಿ ಒಂದೂ ಹಲ್ಲಿಲ್ಲ, ಕಣ್ಣಲ್ಲಿ ನೀರು, ಇಳಿಬಿಸಿಲೆಲ್ಲ ಅವಳ ಮುಖದ ಮೇಲೆ.

ಜಂಬಣ್ಣ ತಡೆಯಲಾರದೆ ಕ್ಯಾಮೆರಾ ಎತ್ತಿ ಒತ್ತೇಬಿಟ್ಟ. ಒಳಗೆ ರೀಲೇ ಇಲ್ಲವೆಂಬುದು ಆಮೇಲೆ ನೆನಪಾಯಿತು.

ದ್ಯಾಮಕ್ಕ ಥಟ್ಟನೆ ಬಾಯಿಗೆ ಸೆರಗು ಮುಚ್ಚಿಕೊಂಡಳು.

"ತಮ್ಮಾ, ಅದಕ್ಕೂ ಹಲ್ಲು ಹಚ್ಚಿಬಿಡಪಾ!"