ಸರಸ್ವತಿ ಪೂಜೆಗೆ ಕೂತ ಗಿಟಾರು

ತಂತಿಯ ಕಂಪನದ ಸೂತ್ರವನ್ನು ಪ್ರತಿ ವರ್ಷ ಕಪ್ಪುಹಲಗೆಯ ಮೇಲೆ ಬರೆದು, ಸಾಧಿಸಿ ತೋರಿಸಿ, ಕೊನೆಗೆ ಹುಡುಗಿಯರ ಪರೀಕ್ಷೆಯಲ್ಲೂ ಅದನ್ನೇ ಕೇಳುವವಳಿಗೆ ಗಿಟಾರಿನ ಆರು ತಂತಿ ಯಾವ ಲೆಕ್ಕ? ಹೀಗೆಂದುಕೊಂಡು ನಾನು ಗಿಟಾರು ಕಲಿಯಲು ಹೊರಟೆ. ಗುರುಗಳಿರಲಿಲ್ಲ. ಅಗತ್ಯವೂ ಕಾಣಲಿಲ್ಲ. ಸೂತ್ರ ಗೊತ್ತಿತ್ತಲ್ಲ!

ಆಗ ಎಂಬತ್ತರ ದಶಕ ಶುರುವಾಗಿತ್ತು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಯಶವಂತಪುರದ ಕಡೆಯ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಗಿಟಾರು ನನ್ನ ಕೈಗೆ ಬಂದದ್ದು ತೆರೆಸಾಳಿಂದ. ಪರವೂರಿನಲ್ಲಿ ಎಂ.ಎಸ್ಸಿ. ಓದುವಾಗ ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲಿದ್ದ ಮಂಗಳೂರಿನ ಹುಡುಗಿ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮಂಚದ ಮೇಲೆ ಕಾಲು ಮಡಿಸಿ ಕೂತು ನುಡಿಸುತ್ತಿದ್ದಳು. ಹಾಡುತ್ತಿರಲಿಲ್ಲ. ಬೆರಳ ತುದಿಯಿಂದ ಒಂದೊಂದೇ ತಂತಿಯನ್ನು ಮೀಟುತ್ತಿದ್ದಳು, ಅಷ್ಟೆ. ಆ ನಾದಕ್ಕೆ ಯಾರ ಗಮನವನ್ನೂ ಸೆಳೆಯುವ ಆತುರವಿರಲಿಲ್ಲ. ಒಂದು ಸ್ವರ ಕರಗಿ ಮುಗಿಯುವವರೆಗೆ ಇನ್ನೊಂದು ಕಾಯುತ್ತಿತ್ತು. ಅಂಥ ಸೌಜನ್ಯವನ್ನು ನಾನು ಮನುಷ್ಯರಲ್ಲೂ ಹೆಚ್ಚು ಕಂಡಿರಲಿಲ್ಲ. ಮದುವೆಯಾಗಿ ಕುವೈತಿಗೆ ಹೊರಟ ದಿನ ತೆರೆಸಾ ಗಿಟಾರನ್ನು ನನ್ನ ತೊಡೆಯ ಮೇಲಿಟ್ಟು, "ಇದನ್ನು ಸುಮ್ಮನೆ ಕೂತು ಕೇಳಿದ್ದು ನೀನೊಬ್ಬಳೇ ಮಾರಾಯ್ತಿ. ನೀನೇ ಇಟ್ಕೊ" ಅಂದಳು.

ಆರ್.ಟಿ. ನಗರದ ನಮ್ಮ ಮನೆಯಲ್ಲಿ ಸುಮ್ಮನೆ ಕೂರುವ ಪದ್ಧತಿಯೇ ಇರಲಿಲ್ಲ. ಕುಕ್ಕರು ಕೂಗುತ್ತಿತ್ತು, ರೇಡಿಯೊ ಕೂಗುತ್ತಿತ್ತು, ಇವೆರಡನ್ನೂ ಮೀರಿಸಿ ಅಮ್ಮ ಪಕ್ಕದ ಮನೆಯ ಗಿರಿಜಕ್ಕನ ಜೊತೆ ಕಾಂಪೌಂಡಿನ ಮೇಲಿಂದ ಮಾತಾಡುತ್ತಿದ್ದರು. ಅಪ್ಪ ಗಂಟಲು ಸರಿಮಾಡಿಕೊಂಡರೆ ಹೆಬ್ಬಾಳದ ಕೆರೆಯ ಕೊಕ್ಕರೆಗಳು ಹಾರುತ್ತವೆಂದು ನನ್ನ ಬಲವಾದ ಅನುಮಾನ. ಇಂಥ ಮನೆಯಲ್ಲಿ ದಿನಕ್ಕೆ ಅರ್ಧ ಗಂಟೆ, ಯಾರಿಗೂ ತಿಳಿಯದ ಹಾಗೆ, ತೆರೆಸಾ ನುಡಿಸುತ್ತಿದ್ದ ಆ ಒಂದು ಪುಟ್ಟ ರಾಗವನ್ನು ನಾನೂ ನುಡಿಸಬೇಕು. ನನ್ನ ಬೇಡಿಕೆ ಅಷ್ಟೇ.

ಉಗ್ರಾಣವನ್ನು ಆರಿಸಿಕೊಂಡೆ. ಅಕ್ಕಿ ಡ್ರಮ್ಮು, ರಾಗಿ ಮೂಟೆ, ದಸರಾ ಗೊಂಬೆಗಳ ಟ್ರಂಕು, ನಾನು. ಬಾಗಿಲು ಮುಂದೆ ಮಾಡಿಕೊಂಡು ಉಸಿರು ಬಿಗಿಹಿಡಿದು ಮೀಟುತ್ತಿದ್ದೆ. ಮುಗಿದ ಮೇಲೆ ಗಿಟಾರು ರಾಗಿ ಮೂಟೆಯ ಹಿಂದೆ. ಒಂದು ವಾರವೂ ಆಗಿರಲಿಲ್ಲ, ಊಟದ ಹೊತ್ತಿನಲ್ಲಿ ಅಮ್ಮ ಹೇಳಿದರು:

"ಏನ್ರೀ, ಉಗ್ರಾಣಕ್ಕೆ ಇಲಿ ಬಂದಿದೆ ಕಣ್ರೀ."

"ನಾನೂ ಕೇಳ್ದೆ. ಟಿಣ್ ಟಿಣ್ ಅಂತ ಡಬ್ಬ ಕೊರೀತಾ ಇರುತ್ತೆ" ಎಂದರು ಅಪ್ಪ. "ದಿನಾ ಒಂದೇ ಟೈಮಿಗೆ ಬರುತ್ತೆ ನೋಡು. ಎಷ್ಟು ಶಿಸ್ತು!"

ನನ್ನ ಸಂಗೀತಕ್ಕೆ ಸಿಕ್ಕ ಮೊದಲ ವಿಮರ್ಶೆ ಇದು. ಶಿಸ್ತನ್ನಾದರೂ ಗುರುತಿಸಿದರಲ್ಲ ಎಂದು ಸಮಾಧಾನಪಟ್ಟುಕೊಂಡು ಮೊಸರನ್ನ ಕಲಸಿದೆ.

ಮಾರನೆಯ ಸಂಜೆ ಗಿಟಾರು ತೆಗೆಯಲು ಮೂಟೆಯ ಹಿಂದೆ ಕೈಹಾಕಿದೆ. ಫಟ್! ಅಪ್ಪ ಕೊಬ್ಬರಿ ಚೂರು ಸಿಕ್ಕಿಸಿ ಇಟ್ಟಿದ್ದ ಇಲಿಬೋನಿನ ಸ್ಪ್ರಿಂಗು ನನ್ನ ಎಡಗೈ ಬೆರಳನ್ನು ಹಿಡಿದಿತ್ತು. ಮಿತಭಾಷಿ ಎಂದು ನೆಂಟರಿಷ್ಟರಲ್ಲಿ ಹೆಸರು ಮಾಡಿದ್ದ ನಾನು ಆ ಸಂಜೆ ಕೂಗಿದ ಕೂಗಿಗೆ ಅಪ್ಪ ಪೊರಕೆ ಹಿಡಿದು ಬಂದರು, ಅಮ್ಮ ಸೌಟು ಹಿಡಿದು ಬಂದರು, ಗಿರಿಜಕ್ಕ ಕಂಕುಳಲ್ಲಿ ಮೊಮ್ಮಗನನ್ನು ಎತ್ತಿಕೊಂಡು ಬಂದರು. ಆ ಮೊಮ್ಮಗನೋ ಹುಟ್ಟಿದಂದಿನಿಂದ ನಿದ್ದೆ ಎಂಬುದನ್ನು ವಿರೋಧಿಸುತ್ತಲೇ ಬಂದವನು. ಅವನೂ ನನ್ನನ್ನು ಕಂಡು ಅಳು ನಿಲ್ಲಿಸಿದ.

ಗಿರಿಜಕ್ಕ ಧಾರವಾಡದ ಕಡೆಯವರು. ಮಗನಿಗೆ ಫ್ಯಾಕ್ಟರಿ ಕೆಲಸ ಸಿಕ್ಕಿದ ಮೇಲೆ ಇಲ್ಲಿಗೆ ಬಂದಿದ್ದರು. ನನ್ನ ಬೆರಳು, ಬೋನು, ಕೊಬ್ಬರಿ ಚೂರು ಎಲ್ಲವನ್ನೂ ಕ್ರಮವಾಗಿ ನೋಡಿ, "ಇಲಿ ಭಾಳ ದೊಡ್ಡದು ಸಿಕ್ಕೇತ್ರೀ!" ಅಂದರು.

ಬೆರಳು ಬಿಡಿಸಿ, ಮೂಟೆಯ ಹಿಂದಿನ ಗಿಟಾರನ್ನು ಹೊರಗೆಳೆದ ಮೇಲೆ ವಿಚಾರಣೆ ನಡೆಯಿತು.

"ಕದ್ದು ಬಾರಿಸೋಕೆ ಅದೇನು ಸಿಗರೇಟೇನೇ?" ಅಮ್ಮ ಕೇಳಿದರು. "ವಾದ್ಯ ಅಂದ್ರೆ ಸರಸ್ವತಿ. ಸರಸ್ವತೀನ ರಾಗಿ ಮೂಟೆ ಹಿಂದೆ ಕೂರಿಸ್ತಾರಾ?"

"ಕಲಿತ ಮೇಲೆ ಹೇಳೋಣ ಅಂತಿದ್ದೆ."

"ಸರಿ. ನವರಾತ್ರಿ ಬರ್ತಾ ಇದೆ. ವಿಜಯದಶಮಿ ದಿನ ದೇವರ ಮುಂದೆ ಒಂದು ಹಾಡು ಬಾರಿಸು. ಬಂತೋ, ಇಟ್ಕೋ. ಬರ್ಲಿಲ್ವೋ, ನಮ್ಮ ಸೀನೂಗೆ ಕೊಟ್ಬಿಡೋಣ. ಅವನಿಗಾದ್ರೂ ಉಪಯೋಗಕ್ಕೆ ಬರುತ್ತೆ."

ಸೀನು ನನ್ನ ಚಿಕ್ಕಮ್ಮನ ಮಗ. ಮದುವೆಮನೆಗಳಲ್ಲಿ, ಗಣೇಶನ ಪೆಂಡಾಲುಗಳಲ್ಲಿ ಆರ್ಕೆಸ್ಟ್ರಾ ನಡೆಸುತ್ತಿದ್ದ. ಸುದ್ದಿ ತಿಳಿದ ಕೂಡಲೇ ಸ್ಕೂಟರಿನಲ್ಲಿ ಬಂದು ಗಿಟಾರಿನ ಹೊಟ್ಟೆಯನ್ನು ತಟ್ಟಿ ನೋಡಿದ, ಸಂತೆಯಲ್ಲಿ ಎಮ್ಮೆ ನೋಡುವವರ ಹಾಗೆ.

"ಒಳ್ಳೇ ಪೀಸು ಕಣಕ್ಕ! ಇದಕ್ಕೊಂದು ಮೈಕು ಕಟ್ಟಿ ಆಂಪ್ಲಿಫೈಯರ್‌ಗೆ ಕೊಟ್ರೆ ಯಲಹಂಕಕ್ಕೆ ಕೇಳ್ಸುತ್ತೆ!"

ಆ ಕ್ಷಣ ನಾನು ನಿರ್ಧರಿಸಿದೆ. ಏನೇ ಆಗಲಿ, ಯಲಹಂಕಕ್ಕೆ ಕೇಳಿಸಕೂಡದು!

ಬೆರಳಿನ ಕಟ್ಟು ಬಿಚ್ಚಿದ ದಿನವೇ ಕುಳಿತು ಯೋಜನೆ ಹಾಕಿದೆ. ರಾಗಕ್ಕೆ ಮೊದಲು, ನಡು, ಕೊನೆ ಎಂದು ಮೂರು ಭಾಗ. ಮೊದಲಿನದು ಸುಲಭ, ನಡುವಿನದು ಪರವಾಗಿಲ್ಲ. ಕೊನೆಯದು ಕಷ್ಟ, ಬೆರಳುಗಳು ಒಂದನ್ನೊಂದು ಬಿಟ್ಟು ದೂರ ಹೋಗಬೇಕು. ಅದನ್ನು ಹಬ್ಬದ ಕೊನೆಯ ದಿನಗಳಿಗೆ ಎತ್ತಿಟ್ಟೆ. ಕಾಲೇಜಿಗೆ ರಜೆ. ಅಮ್ಮ ಗೊಂಬೆಗಳ ಸಂಭ್ರಮದಲ್ಲಿರುತ್ತಾರೆ. ನನ್ನ ತಂಟೆಗೆ ಯಾರೂ ಬರುವುದಿಲ್ಲ. ಎಷ್ಟು ನಿಖರವಾದ ಯೋಜನೆ! ಮೊದಲ ಎರಡು ಭಾಗ ಹೇಳಿದ ಹಾಗೆ ಕೈಗೆ ಹತ್ತಿದವು. ಕೊನೆಯ ಭಾಗ ಶುರುಮಾಡುವ ದಿನ ಬೆಳಗ್ಗೆ ಸ್ನಾನ ಮುಗಿಸಿ ನಡುಮನೆಗೆ ಬಂದೆ.

ಗೊಂಬೆಗಳ ಮೆಟ್ಟಿಲಿನ ಪಕ್ಕದಲ್ಲಿ, ನನ್ನ ಭೌತಶಾಸ್ತ್ರದ ಪುಸ್ತಕಗಳ ಮೇಲೆ, ಗಿಟಾರು ಗೋಡೆಗೊರಗಿ ಕೂತಿತ್ತು. ಕತ್ತಿಗೆ ಸೇವಂತಿಗೆ ಹಾರ. ಪ್ರತಿ ಬಿರಡೆಗೂ ಕುಂಕುಮದ ಬೊಟ್ಟು. ಮದುವೆಯ ಹೆಣ್ಣಿನಂತೆ ಕಾಣುತ್ತಿತ್ತು.

"ಅಮ್ಮಾ! ನಾನಿನ್ನೂ ಕೊನೇ ಭಾಗ ಕಲೀಬೇಕು!"

"ಸರಸ್ವತಿ ಪೂಜೆಗೆ ಇಟ್ಟಾಯ್ತಲ್ಲ. ಇನ್ನು ಮುಟ್ಟೋ ಹಾಗಿಲ್ಲ. ವಿಜಯದಶಮಿ ದಿನ ಪೂಜೆ ಆದ್ಮೇಲೇ ತೆಗೆಯೋದು."

"ಅವತ್ತೇ ಅಲ್ವಾ ನಾನು ಬಾರಿಸ್ಬೇಕಾದ್ದು?"

"ಇನ್ನೂ ಒಳ್ಳೇದಾಯ್ತು. ಆಶೀರ್ವಾದ ಬಿಸಿಬಿಸಿಯಾಗಿರುತ್ತೆ."

ಚಿಕ್ಕಂದಿನಲ್ಲಿ ಗಣಿತದ ಪುಸ್ತಕವನ್ನು ಎಲ್ಲಕ್ಕಿಂತ ಮೊದಲು ಪೂಜೆಗೆ ಇಟ್ಟು, "ದೇವರ ಹತ್ರ ಇದೆ, ಓದೋ ಹಾಗಿಲ್ಲ" ಎಂದು ಹಾಯಾಗಿ ಕುಂಟಾಬಿಲ್ಲೆ ಆಡಿದವಳು ನಾನೇ. ನನ್ನ ಯೋಜನೆಯಲ್ಲಿ ಎಲ್ಲರಿಗೂ ಜಾಗವಿತ್ತು, ಸರಸ್ವತಿಗೆ ಮಾತ್ರ ಮರೆತಿದ್ದೆ!

ಆದರೆ ಸೋಲುವ ಪ್ರಶ್ನೆಯೇ ಇರಲಿಲ್ಲ. ಅಪ್ಪನ ಉದ್ದ ಕೊಡೆಯನ್ನು ತೆಗೆದುಕೊಂಡೆ. ಮಡಿಸಿದ ಕೊಡೆಯ ಉದ್ದಕ್ಕೂ ಬೆರಳಿಡುವ ಜಾಗಗಳಿಗೆ ಸೀಮೆಸುಣ್ಣದಲ್ಲಿ ಅಡ್ಡಗೆರೆ ಎಳೆದೆ. ಬಿರಡೆ ಇರಬೇಕಾದ ಕಡೆ ಕೊಡೆಯ ಹಿಡಿಕೆ. ಗಿಟಾರಿನ ಕತ್ತು ಸಿದ್ಧ! ಸದ್ದಿಲ್ಲದ ಈ ವಾದ್ಯವನ್ನು ಎಲ್ಲೆಂದರಲ್ಲಿ ಅಭ್ಯಾಸ ಮಾಡಬಹುದಿತ್ತು. ಹೂವು ತರಲು ಮಲ್ಲೇಶ್ವರಕ್ಕೆ ಹೊರಟ ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೊನೆಯ ಭಾಗ ನುಡಿಸುತ್ತಿದ್ದಾಗ ಕಂಡಕ್ಟರು ಬಗ್ಗಿ ನೋಡಿದ.

"ಏನ್ ಮೇಡಂ, ಕೊಡೆ ಟೈಪ್ ಮಾಡ್ತಿದ್ದೀರಾ?"

"ಇಲ್ಲ. ಮಲ್ಲೇಶ್ವರ ಒಂದು ಕೊಡಿ" ಎಂದೆ, ಘನತೆಯಿಂದ.

ಇತ್ತ ನಾನು ಕೊಡೆಯ ಸಾಧನೆಯಲ್ಲಿದ್ದಾಗ ಅತ್ತ ಗಿಟಾರಿನ ಮೇಲೆ ಭಕ್ತಿಯ ಮಳೆಯಾಗುತ್ತಿತ್ತು. ಗೊಂಬೆ ನೋಡಲು ಬಂದವರೆಲ್ಲ ಅರಿಶಿನ ಕುಂಕುಮ ತೆಗೆದುಕೊಂಡು, ಪುಸ್ತಕಗಳ ಕಡೆ ಅಕ್ಷತೆ ಎಸೆಯುತ್ತಿದ್ದರು. ಗಿಟಾರಿನ ನಡುವೆ ದುಂಡಗಿನ ರಂಧ್ರ. ಎಸೆದದ್ದೆಲ್ಲ ಒಳಗೆ! ಹೆಬ್ಬಾಳದಿಂದ ಹಾಲು ತರುತ್ತಿದ್ದ ಮುನಿಯಮ್ಮಜ್ಜಿ ಒಂದು ಬೆಳಗ್ಗೆ ಅದರ ಮುಂದೆ ಅಡ್ಡಬಿದ್ದು, ಸೆರಗಿನ ಗಂಟು ಬಿಚ್ಚಿ, ಒಂದು ನಾಣ್ಯವನ್ನು ರಂಧ್ರಕ್ಕೆ ಹಾಕಿದ್ದನ್ನು ನಾನು ಕಣ್ಣಾರೆ ಕಂಡೆ.

"ಅಯ್ಯೋ ಅಜ್ಜಿ, ಅದು ಹುಂಡಿ ಅಲ್ಲ!"

"ಮತ್ತೆ ಇಂಗ್ಯಾಕವ್ವ ದುಂಡಕೆ ತೂತು ಮಡಗವ್ರೆ?" ಎಂದು ಅಜ್ಜಿ ನನ್ನನ್ನೇ ಕೇಳಿತು. ಹಿಂದೆ ನಿಂತಿದ್ದ ಇಬ್ಬರು ಹೆಂಗಸರು ಅದು ನಿಜವೆಂದು ತಲೆದೂಗಿ ತಾವೂ ತಮ್ಮ ಕಾಣಿಕೆ ಸಲ್ಲಿಸಿದರು. ರಂಧ್ರದಿಂದಲೇ ನಾದ ಹೊರಡುವುದೆಂಬ ಶಾಸ್ತ್ರವನ್ನು ನಾನು ವಿವರಿಸುವಷ್ಟರಲ್ಲಿ ಅವರು ಗೊಂಬೆ ನೋಡಲು ಬಂದವರಿಗೆ ಹಂಚುವ ಚರ್ಪಿನ ಕಡಲೆ ಉಸಲಿಗೆ ಕೈಚಾಚಿದ್ದರು.

ವಿಜಯದಶಮಿ ಬಂತು. ದೇವರ ಮುಂದೆ ಎಂದರೆ ದೇವರು, ಅಪ್ಪ, ಅಮ್ಮ, ಇಷ್ಟೇ ಎಂದು ನಾನು ನಂಬಿದ್ದೆ. ಮಧ್ಯಾಹ್ನದ ಊಟವಾಗಿ ನಡುಮನೆಗೆ ಬಂದರೆ ಇಡೀ ಬೀದಿಯೇ ಚಾಪೆಯ ಮೇಲೆ ಕೂತಿತ್ತು! ಮುನಿಯಮ್ಮಜ್ಜಿ ಬಾಗಿಲ ಪಕ್ಕ. ಗಿರಿಜಕ್ಕ ಅಳುವ ಮೊಮ್ಮಗನ ಸಮೇತ ಮುಂದೆಯೇ. ಹೊಸ ಚೀಲವೊಂದನ್ನು ಕಂಕುಳಲ್ಲಿಟ್ಟುಕೊಂಡು ಸೀನು. ಗಿಟಾರು ಒಯ್ಯಲು ಅಳತೆಗೆ ಸರಿಯಾಗಿ ಹೊಲಿಸಿದ ಚೀಲ!

ಅಮ್ಮ ಮಂಗಳಾರತಿ ಮಾಡಿ, ಹಾರ ತೆಗೆದು, ಗಿಟಾರನ್ನು ನನ್ನ ಕೈಗಿಟ್ಟರು. ಎತ್ತಿದೆ. ಗಲಗಲ ಗಲಗಲ! ಅಲ್ಲೇ ಬಗ್ಗಿಸಿ ಅಲ್ಲಾಡಿಸಿದೆ. ಅಕ್ಷತೆ ಉದುರಿತು, ಬಾಡಿದ ಹೂವು ಉದುರಿತು, ಒಂದು ಬಟ್ಟಲಡಿಕೆ, ಕೆಲವು ನಾಣ್ಯ. ಉಳಿದದ್ದು ಹೊರಬರಲೊಪ್ಪಲಿಲ್ಲ.

"ಸಾಕು ಬಿಡೇ, ಎಲ್ಲಾರೂ ಕಾಯ್ತಿದ್ದಾರೆ" ಎಂದರು ಅಮ್ಮ.

ಕಣ್ಣು ಮುಚ್ಚಿ ಶುರುಮಾಡಿದೆ. ಸುತ್ತ ಮಾತು, ಬಳೆ, ಮಗುವಿನ ಅಳು. ನಾನು ಮೊದಲ ಭಾಗ ಮುಗಿಸುತ್ತಿದ್ದಾಗ ಗಿರಿಜಕ್ಕನ ದನಿ ಕೇಳಿಸಿತು: "ಶುರು ಮಾಡೀಯೇನವಾ ವತ್ಸಲಾ? ನಮಗೇನೂ ಕೇಳವಲ್ತು!"

"ಸ್ವಲ್ಪ ಜೋರಾಗಿ ಅಕ್ಕ!" ಎಂದ ಸೀನು, ಚೀಲದ ಜಿಪ್ಪು ಎಳೆಯುತ್ತ.

ಜೋರು ಮಾಡಲಿಲ್ಲ. ಹಟವೆಂದರೆ ಹಟ. ಅದರ ಬದಲು ಇನ್ನಷ್ಟು ಮೆಲ್ಲಗೆ ನುಡಿಸಿದೆ. ಕೇಳಬೇಕೆಂದರೆ ಅವರೇ ಸುಮ್ಮನಾಗಬೇಕು. ನಡುವಿನ ಭಾಗ ಬಂತು. ಬಳೆಗಳ ಸದ್ದು ಒಂದೊಂದಾಗಿ ನಿಂತಿತು. ಕೊನೆಯ ಭಾಗಕ್ಕೆ ಬೆರಳು ಹಾಕಿದೆ. ಅಷ್ಟು ದಿನ ಕೊಡೆಯ ಮೇಲೆ ಓಡಾಡಿದ ಬೆರಳುಗಳು ಕೊಡೆಯ ಅಳತೆಯಲ್ಲೇ ಹೋಗಿ ನಿಂತವು. ಅಲ್ಲಿ ಬೇರೇನೋ ಸ್ವರವಿತ್ತು! ಗೆರೆ ಎಳೆಯುವಾಗ ಗಿಟಾರನ್ನು ಮುಟ್ಟಿ ಅಳೆಯುವ ಹಾಗಿರಲಿಲ್ಲವಲ್ಲ, ಅಂದಾಜಿನಲ್ಲಿ ಎಳೆದಿದ್ದೆ. ಸೂತ್ರ ಗೊತ್ತಿದ್ದವಳು!

ನಿಲ್ಲಿಸಿದರೆ ಗಿಟಾರು ಸೀನುವಿನ ಚೀಲಕ್ಕೆ. ಏನೂ ಆಗದವಳಂತೆ ರಾಗದ ಮೊದಲಿಗೆ ಹೋದೆ. ಮೊದಲು, ನಡು, ಕೊನೆಯ ಹೊಸ್ತಿಲು, ಮತ್ತೆ ಮೊದಲು. ಸುತ್ತಿದೆ, ಇನ್ನೊಮ್ಮೆ ಸುತ್ತಿದೆ. ಒಳಗೆ ಉಳಿದಿದ್ದ ಅಕ್ಕಿ ಕಾಳು ಸಣ್ಣಗೆ ತಾಳ ಹಾಕುತ್ತಿತ್ತು. ಬೆವರು ಹರಿಯುತ್ತಿತ್ತು. ಎಷ್ಟು ಹೊತ್ತು ಹೀಗೆ ಸುತ್ತಿದೆನೋ, ಒಂದು ಘಳಿಗೆಯಲ್ಲಿ ನನ್ನ ಗಿಟಾರಿನ ಪ್ರತಿಯೊಂದು ಸ್ವರವೂ ಕರಗಿ ಮುಗಿಯುವವರೆಗೆ ಕೇಳಿಸುತ್ತಿದೆಯೆಂದು ತಿಳಿಯಿತು. ನಮ್ಮ ಮನೆಯಲ್ಲಿ! ಹಾಸ್ಟೆಲಿನ ಆ ಸಂಜೆಗಳ ಹಾಗೆ. ಸಂಗೀತ ಕೊನೆಗೂ ಈ ಬೀದಿಯ ಹೃದಯವನ್ನು ಮುಟ್ಟಿತು ಎಂದುಕೊಂಡು ಕಣ್ಣು ತೆರೆದೆ.

ಎಲ್ಲರೂ ಮಲಗಿದ್ದರು!

ಅಪ್ಪ ಗೋಡೆಗೊರಗಿ, ಮುನಿಯಮ್ಮಜ್ಜಿ ಬಾಗಿಲಿಗೊರಗಿ, ಸೀನು ತಾನು ತಂದ ಚೀಲದ ಮೇಲೆಯೇ ತಲೆಯಿಟ್ಟು. ನಿದ್ದೆಯ ಕಡುವಿರೋಧಿಯಾದ ಗಿರಿಜಕ್ಕನ ಮೊಮ್ಮಗ ಬಾಯಿ ತೆರೆದು, ಮುಷ್ಟಿ ಬಿಚ್ಚಿ, ಲೋಕವನ್ನೇ ಕ್ಷಮಿಸಿದವನಂತೆ ಮಲಗಿದ್ದ. ಎಚ್ಚರವಿದ್ದವರು ಇಬ್ಬರು, ಅಮ್ಮ ಮತ್ತು ಗಿರಿಜಕ್ಕ. ನಾನು ಕೈ ತೆಗೆಯಲು ಹೋದೆ.

"ನಿಲ್ಲಸಬ್ಯಾಡವಾ!" ಗಿರಿಜಕ್ಕ ಕೈಮುಗಿದು ಪಿಸುಗುಟ್ಟಿದರು. "ಕೂಸಿಗೆ ಈಗರೆ ನಿದ್ದಿ ಹತ್ತೇತಿ!"

ಅಮ್ಮ ಬಗ್ಗಿ ಸೀನುವಿನ ತಲೆಯಡಿಯ ಚೀಲವನ್ನು ಮೆಲ್ಲಗೆ ಸರಿಮಾಡಿದರು. ಆಮೇಲೆ ನನ್ನ ಕಿವಿಯಲ್ಲಿ ಹೇಳಿದರು: "ಇಟ್ಕೊಳ್ಳೇ. ಇವನಿಗೆ ಕೊಟ್ರೆ ಮಲಗಿದ್ದೋರನ್ನೆಲ್ಲ ಎಬ್ಬಿಸ್ತಾನೆ."

ಹೀಗೆ ಗಿಟಾರು ನನ್ನದಾಯಿತು. ಗೆದ್ದೆ. ಗೆಲುವಿನ ಫಲವಾಗಿ ದಿನವೂ ಕಾಲೇಜಿನಿಂದ ಬಂದು ಕಾಫಿ ಕುಡಿಯುವ ಮೊದಲೇ ಗಿರಿಜಕ್ಕ ಕೂಸನ್ನು ತಂದು ನನ್ನೆದುರು ಮಲಗಿಸುತ್ತಿದ್ದರು. ಎರಡು ಮನೆ ಆಚೆಯವರು ತೊಟ್ಟಿಲನ್ನೇ ಹೊತ್ತು ತಂದರು. ಒಳಗಿನ ಅಕ್ಕಿ ಕಾಳನ್ನು ತೆಗೆಸುತ್ತೇನೆಂದರೆ ತಾಯಂದಿರೆಲ್ಲ ಬೇಡವೇ ಬೇಡ ಎಂದರು. ಕೂಸುಗಳಿಗೆ ಆ ಗಲಗಲವೂ ಬೇಕಂತೆ.

ನಾನು ಹಟ ಬಿಡಲಿಲ್ಲ. ಕೊಡೆಯನ್ನು ಅಪ್ಪನಿಗೆ ಮರಳಿಸಿ ಗಿಟಾರಿನ ಮೇಲೆಯೇ ಅಭ್ಯಾಸ ಮಾಡಿ ಆ ಕೊನೆಯ ಭಾಗವನ್ನು ಕಲಿತೆ. ಸಂಕ್ರಾಂತಿಯ ಹೊತ್ತಿಗೆ ತಪ್ಪಿಲ್ಲದೆ ಬಂತು. ಅಂದು ಸಂಜೆ ರಾಗವನ್ನು ಮೊದಲ ಬಾರಿಗೆ ಪೂರ್ತಿಯಾಗಿ, ತೆರೆಸಾ ಮುಗಿಸುತ್ತಿದ್ದ ಹಾಗೆಯೇ ಮುಗಿಸಿದೆ. ಕೊನೆಯ ಸ್ವರ ಕರಗುವ ಮೊದಲೇ ಗಿರಿಜಕ್ಕನ ಮೊಮ್ಮಗ ಬೆಚ್ಚಿ ಎದ್ದು ಕಿರುಚಿಕೊಂಡ.

"ಆ ಕಡೀದು ಬ್ಯಾಡವಾ" ಎಂದರು ಗಿರಿಜಕ್ಕ ನೊಂದುಕೊಂಡು. "ದಿನಾ ಬಾರಸ್ತೀಯಲ್ಲ, ಅದನ್ನ ಬಾರಸು."

ಅಂದಿನಿಂದ ಆ ಕೊನೆಯ ಭಾಗವನ್ನು ನಾನೊಬ್ಬಳೇ ನುಡಿಸಿಕೊಳ್ಳತೊಡಗಿದೆ. ಭಾನುವಾರ, ಉಗ್ರಾಣದಲ್ಲಿ, ಬಾಗಿಲು ಮುಂದೆ ಮಾಡಿ, ಅಕ್ಕಿ ಡ್ರಮ್ಮಿಗೆ ಒರಗಿ, ಬಹಳ ಮೆಲ್ಲಗೆ. ಒಮ್ಮೆ ಹೀಗೆ ಕಣ್ಣು ಮುಚ್ಚಿ ಆ ಕೊನೆಯ ಸ್ವರದವರೆಗೂ ಬಂದಿದ್ದೆ. ಹೊರಗಿನಿಂದ ಅಪ್ಪನ ದನಿ ಕೇಳಿಸಿತು:

"ಲೇ, ಬೋನು ಎಲ್ಲಿಟ್ಟಿದ್ದೀಯೇ? ಇಲಿ ಮತ್ತೆ ಬಂದಿದೆ!"