ಚಿತ್ತಮ್ಮನ ಫೋನಿನಲ್ಲಿ ಮಾತ್ರ ನೆಲೆಸಿದ ಶಾಂತಿ

ಜಾಲತಾಣ ಕಂಪನಿಯ ದೂರು ವಿಭಾಗದ ಸಮಸ್ತ ಅಧಿಕಾರಿಗಳಿಗೂ, ಅವರ ಬದಲಿಗೆ ಉತ್ತರ ಬರೆಯುವ ಯಂತ್ರಕ್ಕೂ ರಾಯದುರ್ಗದ ಕಟಿಂಗ್ ಮಾಸ್ಟರ್ ಸಣ್ಣಬಸಪ್ಪನ ನಮಸ್ಕಾರಗಳು.

ಮಾನ್ಯರೇ,

ಜೀನ್ಸ್ ಹೊಲಿಯಲು ಇಲ್ಲಿಗೆ ವಲಸೆ ಬಂದವರಿಗೆ ಎಲ್ಲಿ ಕೆಲಸವಿದೆ, ಯಾವ ಓಣಿಯಲ್ಲಿ ಬಾಡಿಗೆ ಮನೆ ಖಾಲಿಯಿದೆ ಎಂದು ತಿಳಿಸಲು ನಾನು ತಮ್ಮ ಜಾಲತಾಣದಲ್ಲಿ ಒಂದು ಗುಂಪು ನಡೆಸುತ್ತಿದ್ದೆ. ಯಾರು ಬೇಕಾದರೂ ಸೇರಬಹುದು, ಏನು ಬೇಕಾದರೂ ಬರೆಯಬಹುದು ಎಂಬ ತಮ್ಮ ಉದಾರ ನೀತಿಯೇ ನನ್ನದೂ ಆಗಿತ್ತು. ಆ ಉದಾರತೆಯನ್ನು ಚೆನ್ನಾಗಿ ಬಳಸಿಕೊಂಡವನು ನಮ್ಮೂರಿನ ನರೇಶ್. ಮಡಕಶಿರದ ಹತ್ತಿರದ ಗುಡಿಬಂಡೆಯಿಂದ ಬಂದು ನಮ್ಮ ಓಣಿಯಲ್ಲಿ ಮನೆಯಲ್ಲೇ ಮಿಷನ್ ಇಟ್ಟುಕೊಂಡು ಹೊಲಿಯುವ ಚಿತ್ತಮ್ಮನ ಫೋಟೋ ಹಾಕಿ, 'ಈ ಮಡಕಶಿರ ಕಡೇರು ನಮ್ಮ ಕೆಲಸ ಕಸಗೊಳ್ಳಾಕ ಬಂದಾರ. ಇವರಿಗೆ ಮನಿ ಕೊಟ್ಟೋರ್ನೂ ಸೇರಿಸಿ ಊರು ಬಿಡಿಸಬೇಕ್ರಿ' ಎಂದು ಬರೆದ. ನಲವತ್ತು ಜನ ಲೈಕ್ ಒತ್ತಿದರು.

ನಾನು ದೂರು ಕೊಟ್ಟೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ತಮ್ಮ ಉತ್ತರ ಬಂತು: ಬರಹವು ಯಾವ ನಿಯಮವನ್ನೂ ಮುರಿದಿಲ್ಲ, ಮುಕ್ತ ಚರ್ಚೆಗೆ ತಾವು ಬದ್ಧರು, ನೋಡಲು ಇಷ್ಟವಿಲ್ಲದಿದ್ದರೆ ಆತನನ್ನು ಬ್ಲಾಕ್ ಮಾಡಬಹುದು. ಅವನನ್ನು ಗುಂಪಿನಿಂದ ಹೊರಹಾಕುವ ಅಧಿಕಾರ ನನಗಿತ್ತು. ಇಷ್ಟು ದೊಡ್ಡ ಕಂಪನಿಗಿಂತ ನಾನೇನು ಹೆಚ್ಚು ಬಲ್ಲವನೇ ಎಂದು ಸುಮ್ಮನಾದೆ. ಅದಕ್ಕೆ ಇಂದಿಗೂ ನನಗೆ ನಾಚಿಕೆಯಾಗುತ್ತದೆ. ಚಿತ್ತಮ್ಮನ ಫೋನಿನಲ್ಲಿ, ಓಣಿಯ ಇನ್ನೂ ಆರು ಹೆಂಗಸರ ಫೋನುಗಳಲ್ಲಿ, ಕೊನೆಗೆ ನನ್ನದರಲ್ಲೂ, ಕೈಯಾರೆ ನರೇಶನನ್ನು ಬ್ಲಾಕ್ ಮಾಡಿದೆ.

ಎಂಥ ಶಾಂತಿ, ಮಾನ್ಯರೇ. ನಮ್ಮ ಎಂಟು ಫೋನುಗಳಲ್ಲಿ ಅವನ ಒಂದಕ್ಷರವೂ ಕಾಣಲಿಲ್ಲ. ಹೀಗಾಗಿ, ಭಾನುವಾರ ಬೆಳಿಗ್ಗೆ ಎಲ್ಲರೂ ಚಿತ್ತಮ್ಮನ ಮನೆ ಮುಂದೆ ಸೇರಬೇಕೆಂದು ಅವನು ಬರೆದದ್ದು ಊರಿಗೆಲ್ಲ ಕಂಡಿತು, ನಮಗೆ ಮಾತ್ರ ಕಾಣಲಿಲ್ಲ. ಹದಿನೈದು ಜನ ಬಂದರು. ಮಿಷನ್ ಎತ್ತಿ ಚರಂಡಿಗೆ ಹಾಕಿದರು. ಮನೆಯ ಮಾಲೀಕ ಹೆದರಿ ಬಾಗಿಲಿಗೆ ಬೀಗ ಜಡಿದ. ಮಿಷನ್ ಮೇಲೆತ್ತುವಾಗ ಚಿತ್ತಮ್ಮ ನನ್ನನ್ನು ಕೇಳಿದ್ದು ಇಷ್ಟೇ: 'ಅವ್ರು ಬರೋದು ಊರಿಗೆಲ್ಲಾ ಗೊತ್ತಿತ್ತಂತೆ. ನಂಗೊಬ್ಳಿಗೆ ಯಾಕಣ್ಣ ಗೊತ್ತಾಗ್ಲಿಲ್ಲ?' ತಮ್ಮಲ್ಲಿ ಸಿದ್ಧ ಉತ್ತರಗಳು ಬಹಳ ಇರುವುದರಿಂದ ಆ ಪ್ರಶ್ನೆಯನ್ನು ತಮಗೇ ದಾಟಿಸುತ್ತಿದ್ದೇನೆ.

ಪೊಲೀಸರು ಬಂದ ಮೇಲೆ ತಮಗೂ ಸುರಕ್ಷತೆಯ ನೆನಪಾಯಿತು. ನರೇಶನ ಖಾತೆಯನ್ನು ಹಾಗೇ ಬಿಟ್ಟು, ಇಡೀ ಗುಂಪನ್ನೇ ಮುಚ್ಚಿದಿರಿ. ಈಗ ಬೆಳುಗುಪ್ಪದಿಂದಲೋ ಮಡಕಶಿರದಿಂದಲೋ ಬಂದವರು ಕೆಲಸ ಕೇಳುತ್ತಾ ಬಾಗಿಲಿಂದ ಬಾಗಿಲಿಗೆ ಅಲೆಯುತ್ತಿದ್ದಾರೆ, ಸಂಪೂರ್ಣ ಸುರಕ್ಷಿತರಾಗಿ.

ಆದ್ದರಿಂದ ಸವಿನಯ ಪ್ರಾರ್ಥನೆ. ಆ ಬ್ಲಾಕ್ ಬಟನ್ನನ್ನು ಇನ್ನಷ್ಟು ಬಲಪಡಿಸಿ, ಒತ್ತಿದ ಕೂಡಲೇ ಮನುಷ್ಯನ ಕೈಕಾಲುಗಳೂ ನಮ್ಮ ಓಣಿಯಿಂದ ಮಾಯವಾಗುವಂತೆ ಮಾಡಬೇಕು. ಅದು ಆಗದಿದ್ದರೆ, ನಮ್ಮ ಕಡೆಯ ಕನ್ನಡವನ್ನೂ ತೆಲುಗನ್ನೂ ಬಲ್ಲ ಒಬ್ಬರನ್ನು ಕೂರಿಸಿ, ನಮ್ಮ ದೂರುಗಳನ್ನು ಓದಿಸಬೇಕು. ಎರಡರಲ್ಲಿ ಮೊದಲನೆಯದೇ ತಮಗೆ ಸುಲಭವೆಂದು ಬಲ್ಲೆ.

ಎಷ್ಟು ಉಳಿದಿದೆಯೋ ಅಷ್ಟು ವಿಶ್ವಾಸದೊಂದಿಗೆ,
ತಮ್ಮ ವಿಶ್ವಾಸಿ,
ಸಣ್ಣಬಸಪ್ಪ

ಮತ್ತೊಂದು ಮಾತು: ನರೇಶ್ ಹೊಸ ಗುಂಪು ತೆರೆದಿದ್ದಾನೆ. 'ನಿಮಗೆ ಇಷ್ಟವಾಗಬಹುದು, ಸೇರಿಕೊಳ್ಳಿ' ಎಂದು ತಮ್ಮ ಯಂತ್ರ ನಿನ್ನೆ ಚಿತ್ತಮ್ಮನಿಗೆ ಆಹ್ವಾನ ಕಳಿಸಿದೆ. ಅದು ತಲುಪುವಾಗ ಆಕೆ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಮರಳುವ ಬಸ್ಸಿನಲ್ಲಿದ್ದರು. ಮುಕ್ತ ಚರ್ಚೆಗೆ ಇನ್ನು ಆಕೆಯಿಂದ ಯಾವ ಅಡ್ಡಿಯೂ ಇಲ್ಲ, ದಯವಿಟ್ಟು ಮುಂದುವರಿಸಿ.