ಅಣ್ಣನ ಕಾರಿಗೆ ಹೊಸ ಕಿಡಿ

ಕಾರು ಕೊಳ್ಳುವ ವಿಷಯ ಮಾತಾಡಲು ಟೈರ್ ಅಂಗಡಿ ಯಜಮಾನರು ಸಂಜೆ ಬರುತ್ತಾರೆ ಎಂದು ಅತ್ತಿಗೆ ಹೇಳಿದಾಗ ಡ್ರಾಯಿಂಗ್ ಮೇಷ್ಟ್ರು ಬೆಳಗಿನ ತಿಂಡಿಯ ತಟ್ಟೆ ಅರ್ಧಕ್ಕೇ ಬಿಟ್ಟು ಎದ್ದರು.

ಅದು ತೀರಿಹೋದ ಅಣ್ಣನ ಕಾರು. ಎರಡೇ ಸೀಟಿನ ಹಳೇ ಸ್ಪೋರ್ಟ್ಸ್ ಕಾರು. ಎಂಜಿನ್ನಿನೊಳಗೆ ಪಿಸ್ಟನ್ ಬದಲು ಎರಡು ತ್ರಿಕೋನದ ರೋಟರ್‌ಗಳು ಸುತ್ತುತ್ತವೆ, ಅದೂ ಅವಕ್ಕೆ ಮನಸ್ಸು ಬಂದರೆ. ಉಳಿದಂತೆ ಮುನಿಸಿಕೊಂಡ ಅಳಿಯನ ಹಾಗೆ ಶೆಡ್ಡಿನಲ್ಲಿ ಕೂತಿರುತ್ತಿತ್ತು. ಆದರೂ ಅಣ್ಣ ಪಕ್ಕದಲ್ಲಿ ಕೂತು ಬೈದು ಬೈದು ಡ್ರೈವಿಂಗ್ ಕಲಿಸಿದ್ದು ಇದರಲ್ಲೇ. ಇದು ಬೇರೆಯವರ ಮನೆ ಸೇರುವುದನ್ನು ಮೇಷ್ಟ್ರಿಗೆ ನೆನೆಸಿಕೊಳ್ಳಲೂ ಆಗಲಿಲ್ಲ. ಸ್ಟಾರ್ಟ್ ಆಗದ ಕಾರನ್ನು ಯಾರು ತಾನೆ ಇಟ್ಟುಕೊಳ್ಳುತ್ತಾರೆ? ಸ್ಟಾರ್ಟ್ ಆದರೆ ಅತ್ತಿಗೆ ಖಂಡಿತ ಮಾರುವುದಿಲ್ಲ.

ಶಾಲೆಗೆ ರಜೆ ಹಾಕಿ, ಹಿಂದೆಯೇ ತರಿಸಿಟ್ಟಿದ್ದ, ಪ್ಲಗ್ಗಿಗೆ ಕಿಡಿ ಕೊಡುವ ಹೊಸ ಇಗ್ನಿಷನ್ ಕಾಯಿಲ್‌ಗಳ ಪೆಟ್ಟಿಗೆ ಬಿಚ್ಚಿದರು. ಒಂದೊಂದು ರೋಟರಿಗೆ ಎರಡೆರಡು ಪ್ಲಗ್ಗು, ಒಟ್ಟು ನಾಲ್ಕು ವೈರು. ಯಾವುದು ಎಲ್ಲಿಗೆ ಎಂದು ಗೊತ್ತಾಗುವಂತೆ ನೆಲದ ಮೇಲೆ ಹರಡಿ, ಸ್ಪ್ಯಾನರ್ ತರಲು ಒಳಗೆ ಹೋದರು.

ಬರುವಷ್ಟರಲ್ಲಿ ಮಹಡಿ ಮನೆಯ ನಿವೃತ್ತ ಲೈಬ್ರರಿಯನ್ ಕೈ ಒರೆಸಿಕೊಳ್ಳುತ್ತಿದ್ದರು.

“ಎಲ್ಲಾ ಚೆಲ್ಲಾಪಿಲ್ಲಿ ಬಿದ್ದಿತ್ತು ಮೇಷ್ಟ್ರೇ. ಉದ್ದದ ಪ್ರಕಾರ ಜೋಡಿಸಿಟ್ಟಿದೀನಿ.”

“ಅಯ್ಯೋ, ಹಾಗ್ಯಾಕೆ ಮಾಡಿದ್ರಿ ಸಾರ್?”

“ಮತ್ತೆ ಬೇಕಾದಾಗ ಹುಡುಕೋದು ಹೇಗೆ?”

ಮೇಷ್ಟ್ರು ಊಹೆಯ ಮೇಲೆ ವೈರು ಸಿಕ್ಕಿಸಿ ಕೀ ತಿರುಗಿಸಿದರು. ಸೈಲೆನ್ಸರ್ ಢಮಾರೆಂದು ಕಪ್ಪು ಹೊಗೆ ಉಗುಳಿತು. ಬೀದಿಯ ನಾಯಿಗಳೆಲ್ಲ ಒಂದೇ ದಿಕ್ಕಿಗೆ ಓಡಿದವು. ಕಾಂಪೌಂಡಿನ ಆಚೆಯಿಂದ ಟೈಲರಮ್ಮನ ತಲೆ ಮೇಲೆದ್ದಿತು.

“ಮೇಷ್ಟ್ರೇ, ನಿಮ್ಮ ಸ್ಕೂಲಿನ ಬಿಳಿ ಯೂನಿಫಾರಂ ಒಣಗಲಿಕ್ಕೆ ಹಾಕಿದ್ದೆ. ಈಗ ಬೂದು ಆಗಿದೆ. ಬಣ್ಣ ಬದಲಾಯ್ತು ಅಂತ ಹೆಡ್ ಮೇಷ್ಟ್ರಿಗೆ ನೀವೇ ಹೇಳಿಬಿಡಿ.”

“ನಾನೇ ಒಗೆದು ಕೊಡ್ತೀನಮ್ಮಾ.”

“ಒಗೆಯೋದೂ ಹೀಗೇನಾ?”

ವೈರುಗಳನ್ನು ಕಿತ್ತು ಅದಲುಬದಲು ಮಾಡಿ ಸಿಕ್ಕಿಸುತ್ತಾ ಮೇಷ್ಟ್ರು ಮಧ್ಯಾಹ್ನದ ಊಟವನ್ನೂ ಮರೆತರು. ಬಿಸಿಲು ಇಳಿಯುವ ಹೊತ್ತಿಗೆ ಇನ್ನೊಮ್ಮೆ ಕೀ ತಿರುಗಿಸಿದರು. ಕೀ ಪೂರ್ತಿ ತಿರುಗುವ ಮೊದಲೇ ಎಂಜಿನ್ ಹಿಡಿಯಿತು. ಕೆಮ್ಮಿಲ್ಲ, ನಡುಕವಿಲ್ಲ.

ಅಷ್ಟರಲ್ಲಿ ಟೈರ್ ಅಂಗಡಿ ಯಜಮಾನರು ಗೇಟಿನ ಒಳಗೆ ಬಂದಿದ್ದರು. ಅತ್ತಿಗೆ ಬಾಗಿಲಿಗೆ ಬಂದರು.

“ಒಂದೇ ಸಲಕ್ಕೆ ಹಿಡೀತಾ?”

“ಇನ್ಮೇಲೆ ಯಾವಾಗಲೂ ಹೀಗೇ ಅತ್ತಿಗೆ.” ಮೇಷ್ಟ್ರ ಮಸಿ ಮುಖದಲ್ಲಿ ಹಲ್ಲಷ್ಟೇ ಕಾಣುತ್ತಿತ್ತು.

ಅತ್ತಿಗೆ ಕಾರಿನ ಹತ್ತಿರ ಬಂದು ಬಾನೆಟ್ಟಿನ ಮೇಲೆ ಕೈಯಿಟ್ಟರು.

“ನಿಮ್ಮಣ್ಣ ಕೆಲಸಕ್ಕೆ ಹೊರಟಾಗ ಇದು ಯಾವತ್ತೂ ಹಿಡೀತಿರಲಿಲ್ಲ. ಪ್ಲಗ್ ಒಣಗಲಿ ಅಂತ ಒಳಗೆ ಬಂದು ಕೂರ್ತಿದ್ರು. ನಾವಿಬ್ಬರೂ ಮಾತಾಡಿದ್ದು ಅಂದರೆ ಆ ಹೊತ್ತಲ್ಲೇ.” ಆಮೇಲೆ ಮೆಲ್ಲಗೆ ಅಂದರು, “ಕಾರು ಕೊಡಲ್ಲ ಅಂತ ಹೇಳಿ ಕಳಿಸೋಣ ಅಂತಿದ್ದೆ ಕಣಪ್ಪ.”

ಅತ್ತಿಗೆ ಯಜಮಾನರ ಕಡೆ ತಿರುಗಿದರು.

“ಇದು ಈಗ ಆ ಕಾರಲ್ಲ. ತಗೊಂಡು ಹೋಗಿ.”

“ಲಾರಿ ಮೇಲೆ ಹೇರಬೇಕೇನೋ ಅಂದ್ಕೊಂಡಿದ್ದೆ ತಾಯಿ, ಅದೂ ತಪ್ಪಿತು,” ಎಂದರು ಯಜಮಾನರು. “ಮೇಷ್ಟ್ರೇ, ನನಗೆ ಇಂಥದ್ದು ಓಡಿಸಿ ಅಭ್ಯಾಸ ಇಲ್ಲ. ನೀವೇ ಅಂಗಡಿವರೆಗೆ ತಂದುಬಿಡಿ. ನಾನು ಸ್ಕೂಟರಲ್ಲಿ ಹಿಂದೆ ಬರ್ತೀನಿ.”

ಬೀದಿಯ ತಿರುವಿನಲ್ಲಿ ಮೇಷ್ಟ್ರು ತಾವಾಗಿಯೇ ಎಂಜಿನ್ ಆರಿಸಿದರು. ಪಕ್ಕದ ಖಾಲಿ ಸೀಟು ನೋಡುತ್ತಾ ಕೂತರು. ಹಿಂದಿನಿಂದ ಸ್ಕೂಟರಿನ ಹಾರ್ನ್ ಕೇಳಿಸಿತು. ಹಿಡಿಯದಿರಲಿ ಎಂದುಕೊಳ್ಳುತ್ತಾ ಕೀ ತಿರುಗಿಸಿದರು.

ತಕ್ಷಣ ಹಿಡಿಯಿತು.